ಮತ್ತೆ ಮತ್ತೆ ನೋಡುವ ಕಣ್ಣು

ಆಕಾಶದಿಂದ ಭೂಮಿಯನ್ನು ನೋಡಬೇಕೆಂಬ ಆಸೆ ವಿಮಾನ ಹುಟ್ಟುವುದಕ್ಕಿಂತ ಬಹಳ ಹಿಂದಿನದು. ನಮ್ಮ ರಾಮಾಯಣದಲ್ಲೇ ಅದು ಇದೆ. ರಾವಣವಧೆಯಾದ ಮೇಲೆ ಪುಷ್ಪಕ ವಿಮಾನದಲ್ಲಿ ಅಯೋಧ್ಯೆಗೆ ಮರಳುವಾಗ ರಾಮ ಕೆಳಗಿನ ಒಂದೊಂದೇ ಜಾಗವನ್ನು ಸೀತೆಗೆ ತೋರಿಸುತ್ತಾ ಬರುತ್ತಾನೆ. ಕಡಲು, ಸೇತುವೆ, ಕಿಷ್ಕಿಂಧೆ, ಗೋದಾವರಿ, ತಾವಿಬ್ಬರೂ ಇದ್ದ ಪರ್ಣಶಾಲೆ. ಕಾಳಿದಾಸನಿಗೆ ಈ ಸಂದರ್ಭ ಎಷ್ಟು ಹಿಡಿಸಿತೆಂದರೆ ರಘುವಂಶದ ಹದಿಮೂರನೆಯ ಸರ್ಗವನ್ನು ಇದಕ್ಕೇ ಮೀಸಲಿಟ್ಟ. ಅಲ್ಲಿ ನನ್ನ ಗಮನ ಸೆಳೆಯುವುದು ವಿಮಾನದ ಎತ್ತರವಲ್ಲ. ಕಾಲು ಸವೆಸಿ ನಡೆದ ಕಾಡನ್ನೇ ಸೀತೆ ಈಗ ಎರಡನೆಯ ಬಾರಿ ನೋಡುತ್ತಿದ್ದಾಳೆ. ಒಮ್ಮೆ ಕಂಡದ್ದನ್ನೇ ಇನ್ನೊಮ್ಮೆ ಕಾಣುವಾಗ ಏನು ಉಳಿಯಿತು, ಏನು ಹೋಯಿತು ಎಂಬುದು ತಾನಾಗಿ ಮನಸ್ಸಿಗೆ ಬರುತ್ತದೆ. ಭೂಮಿಯನ್ನು ಉಪಗ್ರಹಗಳಿಂದ ನೋಡಲು ಕಲಿತ ಕಥೆಯಲ್ಲೂ ಮುಖ್ಯವಾದ ಮಾತು ಇದೇ ಎಂದು ನನಗೆ ತೋರುತ್ತದೆ.

ಈಗಂತೂ ಈ ನೋಟ ಅಂಗೈಯಲ್ಲಿದೆ. ಮಕ್ಕಳು ಫೋನು ಹಿಡಿದು ತಾಜಮಹಲನ್ನು ಹುಡುಕುತ್ತಾರೆ, ಈಜಿಪ್ಟಿನ ಪಿರಮಿಡ್ಡುಗಳನ್ನು ಹುಡುಕುತ್ತಾರೆ, ಕೊನೆಗೆ ತಮ್ಮ ಮನೆಯ ತಾರಸಿ ಹುಡುಕಿ, ಒಣಗಲು ಹಾಕಿದ ಹಪ್ಪಳ ಕಾಣುತ್ತದೆಯೇ ಎಂದು ಕೇಳುತ್ತಾರೆ. ದೊಡ್ಡವರು ಚೀನಾದ ಮಹಾಗೋಡೆಯ ಮಾತು ತೆಗೆಯುತ್ತಾರೆ. ಚಂದ್ರನಿಂದ ನೋಡಿದರೂ ಆ ಗೋಡೆ ಕಾಣುತ್ತದೆ ಎಂಬ ಮಾತು ಎಷ್ಟೋ ವರ್ಷ ರಸಪ್ರಶ್ನೆಗಳಲ್ಲೂ ಪಠ್ಯಗಳಲ್ಲೂ ಓಡಾಡಿತು. ೨೦೦೩ರ ಅಕ್ಟೋಬರಿನಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೀ ಭೂಮಿಯನ್ನು ಸುತ್ತಿ ಬಂದು, ತನಗೆ ಗೋಡೆ ಕಾಣಲಿಲ್ಲ ಎಂದು ನೇರವಾಗಿ ಹೇಳಿದ. ಸಾವಿರಾರು ಕಿಲೋಮೀಟರ್ ಉದ್ದವಿದ್ದರೇನು, ಗೋಡೆಯ ಅಗಲ ಕೆಲವೇ ಮೀಟರು. ಬಣ್ಣವೂ ಸುತ್ತಲಿನ ಮಣ್ಣಿನದೇ. ಅಂಗಳದಲ್ಲಿ ಬಿದ್ದ ಒಂದು ಕೂದಲೆಳೆಯನ್ನು ಮಹಡಿಯ ಮೇಲಿನಿಂದ ಹುಡುಕಿದ ಹಾಗೆ. ಮನುಷ್ಯ ಹೆಮ್ಮೆಯಿಂದ ಕಟ್ಟಿದ್ದೆಲ್ಲ ಮೇಲಿನಿಂದ ದೊಡ್ಡದಾಗಿ ಕಾಣುವುದಿಲ್ಲ. ಅವನು ಗಮನವಿಲ್ಲದೆ ಕೆಡಿಸಿದ್ದು ಮಾತ್ರ ಬಹಳ ಚೆನ್ನಾಗಿ ಕಾಣುತ್ತದೆ. ಅದರ ಮಾತು ಮುಂದೆ ಬರುತ್ತದೆ.

ಅಂತರಿಕ್ಷದ ಎತ್ತರದಿಂದ ಭೂಮಿಯ ಮೊದಲ ಚಿತ್ರ ಸಿಕ್ಕಿದ್ದು ೧೯೪೬ರ ಅಕ್ಟೋಬರ್ ೨೪ರಂದು. ಮಹಾಯುದ್ಧದಲ್ಲಿ ಜರ್ಮನರಿಂದ ವಶಪಡಿಸಿಕೊಂಡಿದ್ದ ವಿ-೨ ರಾಕೆಟ್ಟೊಂದನ್ನು ಅಮೆರಿಕದವರು ನ್ಯೂ ಮೆಕ್ಸಿಕೋದ ಮರಳುಗಾಡಿನಿಂದ ಹಾರಿಸಿದರು. ಅದರಲ್ಲಿ ಒಂದು ಸಿನಿಮಾ ಕ್ಯಾಮೆರಾ ಇಟ್ಟಿದ್ದರು. ರಾಕೆಟ್ಟು ಸುಮಾರು ೧೦೫ ಕಿಲೋಮೀಟರ್ ಮೇಲೇರಿ ಮತ್ತೆ ನೆಲಕ್ಕೆ ಅಪ್ಪಳಿಸಿತು. ಕ್ಯಾಮೆರಾ ಪುಡಿಪುಡಿಯಾಯಿತು, ಉಕ್ಕಿನ ಡಬ್ಬಿಯಲ್ಲಿದ್ದ ಫಿಲ್ಮು ಉಳಿಯಿತು. ಅದನ್ನು ತೊಳೆದು ನೋಡಿದಾಗ ಬಾಗಿದ ಭೂಮಿಯ ಅಂಚು, ಚದುರಿದ ಮೋಡ, ಮೇಲೆ ಕಪ್ಪು ಆಕಾಶ ಕಂಡವು. ೧೯೬೮ರ ಡಿಸೆಂಬರ್ ೨೪ರಂದು ಚಂದ್ರನನ್ನು ಸುತ್ತುತ್ತಿದ್ದ ಅಪೊಲೊ-೮ ನೌಕೆಯಿಂದ ಬಿಲ್ ಆಂಡರ್ಸ್ ಚಂದ್ರನ ಅಂಚಿನಲ್ಲಿ ಮೂಡುತ್ತಿರುವ ಭೂಮಿಯ ಚಿತ್ರ ತೆಗೆದರು. ೧೯೭೨ರ ಡಿಸೆಂಬರ್ ೭ರಂದು ಅಪೊಲೊ-೧೭ರ ಯಾತ್ರಿಗಳು ತೆಗೆದ ಪೂರ್ಣಭೂಮಿಯ ಚಿತ್ರವಂತೂ ಕ್ಯಾಲೆಂಡರುಗಳ ಮೇಲೆ, ನೋಟುಬುಕ್ಕಿನ ರಟ್ಟುಗಳ ಮೇಲೆ ಎಲ್ಲೆಲ್ಲೂ ಬಂತು. ನೀಲಿ ಗೋಲಿಯಂಥ ಆ ಭೂಮಿಯನ್ನು ನೋಡದವರು ಕಡಿಮೆ.

ಇವೆಲ್ಲ ಮದುವೆಯ ದಿನ ತೆಗೆಸಿದ ಫೋಟೋದಂಥವು. ಚೆಂದ ಇವೆ, ಗೋಡೆಗೆ ತೂಗುಹಾಕಬೇಕು. ಆದರೆ ಮನೆ ಹೇಗೆ ನಡೆಯುತ್ತಿದೆ ಎಂಬುದು ಮದುವೆಯ ಫೋಟೋದಿಂದ ತಿಳಿಯುವುದಿಲ್ಲ. ಅದಕ್ಕೆ ದಿನಚರಿ ಬೇಕು. ಭೂಮಿಯ ದಿನಚರಿ ಬರೆಯುವ ಕೆಲಸ ಶುರುವಾದದ್ದೂ ಅದೇ ೧೯೭೨ರಲ್ಲಿ, ನೀಲಿ ಗೋಲಿಯ ಚಿತ್ರಕ್ಕಿಂತ ನಾಲ್ಕೂವರೆ ತಿಂಗಳು ಮೊದಲು. ಆ ಸುದ್ದಿ ಅಷ್ಟೇನೂ ಸದ್ದು ಮಾಡಲಿಲ್ಲ. ಅದರ ಹಿಂದೆ ಇದ್ದ ಹೆಂಗಸರ ಹೆಸರಂತೂ ಇನ್ನೂ ಕಡಿಮೆ ಜನಕ್ಕೆ ಗೊತ್ತು.

ದೂರದಿಂದಲೇ ಅರಿಯುವ ಈ ವಿದ್ಯೆಗೆ ಕನ್ನಡದಲ್ಲಿ ದೂರಸಂವೇದನೆ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ರಿಮೋಟ್ ಸೆನ್ಸಿಂಗ್. ಆ ಹೆಸರನ್ನು ಬಳಕೆಗೆ ತಂದವಳು ಎವೆಲಿನ್ ಪ್ರೂಯಿಟ್ ಎಂಬ ಭೂಗೋಳಶಾಸ್ತ್ರಜ್ಞೆ. ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿಯಲ್ಲಿದ್ದ ಆಕೆಗೆ, ಬರೀ ವಿಮಾನದಿಂದ ತೆಗೆದ ಫೋಟೋ ಎಂಬ ಹಳೆಯ ಹೆಸರು ಹೊಸ ಉಪಕರಣಗಳಿಗೆ ಸಾಲದೆನಿಸಿತು. ೧೯೬೦ರ ಹೊತ್ತಿಗೆ ಆಕೆ ಇಟ್ಟ ಹೆಸರೇ ನಿಂತಿತು. ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥ ವಿಲಿಯಂ ಪೆಕೋರಾ ಮುಂತಾದವರು, ಬರೀ ನೆಲವನ್ನು ನೋಡುವುದಕ್ಕೇ ಒಂದು ಉಪಗ್ರಹ ಬೇಕು ಎಂದು ಪಟ್ಟು ಹಿಡಿದರು. ಹೊಲ, ಕಾಡು, ನದಿ, ಬೆಟ್ಟ, ಊರು ಇವನ್ನೆಲ್ಲ ನಿಯಮಿತವಾಗಿ ನೋಡುತ್ತಿರುವ ಉಪಗ್ರಹ. ಆದರೆ ಅದಕ್ಕೆ ಕಣ್ಣು ಮಾಡುವವರು ಯಾರು?

ಆ ಕಣ್ಣು ಮಾಡಿದವಳು ವರ್ಜೀನಿಯಾ ನಾರ್ವುಡ್. ೧೯೨೭ರಲ್ಲಿ ಅಮೆರಿಕದ ಒಬ್ಬ ಸೇನಾಧಿಕಾರಿಯ ಮಗಳಾಗಿ ಹುಟ್ಟಿದಳು. ಒಂಬತ್ತು ವರ್ಷವಾದಾಗ ತಂದೆ ಅವಳ ಕೈಗೆ ಒಂದು ಸ್ಲೈಡ್ ರೂಲ್ ಕೊಟ್ಟ. ಕ್ಯಾಲ್ಕುಲೇಟರ್ ಬರುವ ಮೊದಲು ಎಂಜಿನಿಯರುಗಳು ಗುಣಾಕಾರ ಭಾಗಾಕಾರಕ್ಕೆ ಬಳಸುತ್ತಿದ್ದ ಜಾರುವ ಅಳತೆಪಟ್ಟಿ ಅದು. ಲೆಕ್ಕ ಅವಳಿಗೆ ಆಟವಾಯಿತು. ಶಾಲೆಯ ಸಲಹೆಗಾರರು, ಗ್ರಂಥಪಾಲಕಿಯಾಗು, ಹೆಣ್ಣುಮಕ್ಕಳಿಗೆ ಅದು ಒಳ್ಳೆಯದು ಎಂದರಂತೆ. ಅವಳು ಹೋಗಿ ಸೇರಿದ್ದು ಎಂ.ಐ.ಟಿ. ಎಂಬ ಹೆಸರಾಂತ ತಾಂತ್ರಿಕ ವಿದ್ಯಾಲಯವನ್ನು. ೧೯೪೭ರಲ್ಲಿ ಗಣಿತೀಯ ಭೌತಶಾಸ್ತ್ರದಲ್ಲಿ ಪದವಿ ಪಡೆದಳು, ಮರುದಿನವೇ ಮದುವೆಯಾದಳು.

ಮುಂದಿನದು ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಿರುವ ಕಥೆ. ಗಂಡ ಓದುತ್ತಿದ್ದ ಊರಿಗೆ ಹೋದ ವರ್ಜೀನಿಯಾ ಕೆಲಸ ಹುಡುಕಿದಳು. ಒಂದು ಕಡೆ ಆಕೆ ಕೇಳಿದ್ದು ಸರ್ಕಾರಿ ನೌಕರಿಯ ಕೆಳದರ್ಜೆಯ ಸಂಬಳಕ್ಕೆ ಸಮನಾದ ಸಂಬಳ. ಹೆಂಗಸಿಗೆ ಅಷ್ಟು ಕೊಡುವುದಿಲ್ಲ ಎಂದುಬಿಟ್ಟರು. ಇನ್ನೊಂದು ಕಡೆ, ಬಸುರಿಯಾಗುವುದಿಲ್ಲ ಎಂದು ಮಾತು ಕೊಡಬೇಕು ಎಂದರು. ಅಲ್ಲಿಂದ ಎದ್ದು ಬಂದಳು. ಕೊನೆಗೆ ಎಂ.ಐ.ಟಿ.ಯ ಪದವೀಧರೆ ಒಂದು ದೊಡ್ಡ ಅಂಗಡಿಯಲ್ಲಿ ರವಿಕೆ ಮಾರುವ ಕೆಲಸಕ್ಕೆ ನಿಂತಳು. ಆಮೇಲೆ ಸೈನ್ಯದ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಹವಾಮಾನ ಬಲೂನುಗಳನ್ನು ರೇಡಾರಿನಿಂದ ಹಿಂಬಾಲಿಸಲು ನೆರವಾಗುವ ಪ್ರತಿಫಲಕವೊಂದನ್ನು ರೂಪಿಸಿ, ಅದಕ್ಕೆ ಪೇಟೆಂಟ್ ಪಡೆದಳು. ಐವತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹ್ಯೂಸ್ ಏರ್‌ಕ್ರಾಫ್ಟ್ ಕಂಪನಿ ಸೇರಿದಳು. ಚಂದ್ರನ ಮೇಲೆ ಇಳಿದ ಸರ್ವೇಯರ್ ನೌಕೆ ಭೂಮಿಗೆ ಸಂದೇಶ ಕಳುಹಿಸುವ ಉಪಕರಣದ ಕೆಲಸದಲ್ಲೂ ಆಕೆಯ ಕೈಯಿತ್ತು. ಮೂವರು ಮಕ್ಕಳ ತಾಯಿಯೂ ಆಗಿದ್ದಳು.

ಅರವತ್ತರ ದಶಕದ ಕೊನೆಯಲ್ಲಿ ನೆಲ ನೋಡುವ ಉಪಗ್ರಹದ ಮಾತು ಬಂದಾಗ ನಾರ್ವುಡ್ ಮೊದಲು ಮಾಡಿದ ಕೆಲಸ, ಕೇಳುವುದು. ಬೇಸಾಯ ಬಲ್ಲವರನ್ನು, ಭೂವಿಜ್ಞಾನಿಗಳನ್ನು, ಹವಾಮಾನದವರನ್ನು, ಮಾಲಿನ್ಯದ ಬಗ್ಗೆ ಅಧ್ಯಯನ ಮಾಡುವವರನ್ನು ಕಂಡು, ನಿಮಗೆ ಮೇಲಿನಿಂದ ಏನು ಕಾಣಬೇಕು ಎಂದು ವಿಚಾರಿಸಿದಳು. ಎಲ್ಲರ ಅಗತ್ಯ ಕೇಳಿಸಿಕೊಂಡ ಮೇಲೆ ಆಕೆ ಯೋಚಿಸಿದ್ದು ಫಿಲ್ಮಿನ ಕ್ಯಾಮೆರಾವನ್ನಲ್ಲ, ಟೆಲಿವಿಷನ್ ಕ್ಯಾಮೆರಾವನ್ನೂ ಅಲ್ಲ. ಅತ್ತಿಂದಿತ್ತ ಓಲಾಡುವ ಒಂದು ಕನ್ನಡಿ. ಉಪಗ್ರಹ ಮುಂದೆ ಸಾಗುತ್ತಿದ್ದಂತೆ ಕನ್ನಡಿ ಸೆಕೆಂಡಿಗೆ ಹದಿಮೂರು ಸಲ ಅಡ್ಡಡ್ಡ ಓಲಾಡಿ, ಕೆಳಗಿನ ೧೮೫ ಕಿಲೋಮೀಟರ್ ಅಗಲದ ನೆಲದಿಂದ ಬರುವ ಬೆಳಕನ್ನು ಬಾಚಿಕೊಳ್ಳುತ್ತದೆ. ಕುಳಿತು ಕಸ ಗುಡಿಸುವಾಗ ನಾವು ಪೊರಕೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಮುಂದೆ ಸರಿಯುತ್ತೇವಲ್ಲ, ಹಾಗೆಯೇ. ಇದು ನಾನು ಕಟ್ಟಿದ ಹೋಲಿಕೆಯಲ್ಲ. ಎಂಜಿನಿಯರುಗಳೇ ಈ ಬಗೆಯ ಉಪಕರಣವನ್ನು ಗುಡಿಸುವ ಪೊರಕೆಯ ಹೆಸರಿನಿಂದ ಕರೆಯುತ್ತಾರೆ.

ಹೀಗೆ ಬಾಚಿದ ಬೆಳಕು ಚುಕ್ಕಿ ಚುಕ್ಕಿಯಾಗಿ ಒಳಗೆ ಬರುತ್ತದೆ. ಒಂದೊಂದು ಚುಕ್ಕಿ ನೆಲದ ಮೇಲೆ ಸುಮಾರು ಎಂಬತ್ತು ಮೀಟರ್ ಜಾಗ. ಅದರ ಹೊಳಪೆಷ್ಟು ಎಂಬುದಕ್ಕೆ ಸೊನ್ನೆಯಿಂದ ೬೩ರವರೆಗೆ ಒಂದು ಅಂಕೆ. ಅಂಕೆಗಳು ರೇಡಿಯೋ ಮೂಲಕ ಭೂಮಿಗೆ ಬರುತ್ತವೆ, ಇಲ್ಲಿ ಅವನ್ನು ಸಾಲು ಸಾಲಾಗಿ ಜೋಡಿಸಿದರೆ ಚಿತ್ರ. ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚುಕ್ಕಿ ಒಂದೊಂದಾಗಿ ನೋಡಿದರೆ ಬರೀ ಹಿಟ್ಟು, ಲೆಕ್ಕಕ್ಕೆ ಸರಿಯಾಗಿ ಇಟ್ಟರೆ ತಾವರೆ. ಅಂಕೆಯ ಲಾಭ ಇನ್ನೊಂದಿದೆ. ಹೋದ ವರ್ಷದ ಅಂಕೆಯನ್ನೂ ಈ ವರ್ಷದ ಅಂಕೆಯನ್ನೂ ಪಕ್ಕಪಕ್ಕ ಇಟ್ಟು, ಇಲ್ಲಿ ಇಷ್ಟು ಬದಲಾಯಿತು ಎಂದು ಲೆಕ್ಕವಾಗಿ ಹೇಳಬಹುದು. ಈ ಅಂಕೆಗಳ ರಾಶಿಯನ್ನು ಚಿತ್ರವಾಗಿ ಪರಿವರ್ತಿಸುವ ವ್ಯವಸ್ಥೆಗೆ ದುಡಿದವರಲ್ಲಿ ನಾಸಾ ಸಂಸ್ಥೆಯ ಕಪ್ಪು ಮಹಿಳೆ ವ್ಯಾಲೆರಿ ಥಾಮಸ್ ಪ್ರಮುಖಳು.

ಬಹಳ ಜನಕ್ಕೆ ಕನ್ನಡಿಯ ಮೇಲೆ ನಂಬಿಕೆ ಇರಲಿಲ್ಲ. ಆಕಾಶದಲ್ಲಿ ಹಗಲೂ ರಾತ್ರಿ ಬಡಿದುಕೊಳ್ಳುವ ಭಾಗ ಎಷ್ಟು ದಿನ ಬಾಳೀತು? ಅಳತೆ ಸರಿಯಾಗಿ ಬಂದೀತೆ? ಹಾಗಾಗಿ ಉಪಗ್ರಹದ ಮುಖ್ಯ ಉಪಕರಣವೆಂದು ಇನ್ನೊಂದು ಕಂಪನಿಯ ಟೆಲಿವಿಷನ್ ಕ್ಯಾಮೆರಾಗಳನ್ನು ಆರಿಸಿ, ನಾರ್ವುಡ್‌ಳ ಉಪಕರಣವನ್ನು ಪ್ರಯೋಗಕ್ಕೆಂದು ಜೊತೆಗಿಟ್ಟರು. ಆಕೆ ಯೋಚಿಸಿದ್ದು ಆರು ಬಗೆಯ ಬೆಳಕನ್ನು ಬೇರೆ ಬೇರೆ ಹಿಡಿಯುವ ಉಪಕರಣ. ತೂಕ ಹೆಚ್ಚಾಯಿತೆಂದು ನಾಲ್ಕಕ್ಕೆ ಇಳಿಸಬೇಕಾಯಿತು. ಹಾರಿಸುವ ಮೊದಲು ಉಪಕರಣದ ಮಾದರಿಯನ್ನು ಟ್ರಕ್ಕಿನಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಸುತ್ತಿದರು. ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ಬೃಹತ್ ಬಂಡೆಬೆಟ್ಟದ ಎದುರು ನಿಲ್ಲಿಸಿ ಪರೀಕ್ಷಿಸಿದಾಗ ಬಂದ ಚಿತ್ರ ಸೊಗಸಾಗಿತ್ತು.

೧೯೭೨ರ ಜುಲೈ ೨೩ರಂದು ಉಪಗ್ರಹ ಮೇಲೇರಿತು. ಮುಂದೆ ಅದಕ್ಕೆ ಲ್ಯಾಂಡ್‌ಸ್ಯಾಟ್-೧ ಎಂದು ಹೆಸರಾಯಿತು. ಸುಮಾರು ೯೦೦ ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತಾ, ಹದಿನೆಂಟು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಮತ್ತೆ ಹಾಯುವಂತೆ ಅದರ ದಾರಿ. ಎರಡು ದಿನದಲ್ಲಿ ಒಕ್ಲಹೋಮಾದ ಬೆಟ್ಟಗಳ ಚಿತ್ರ ಬಂತು. ಅನುಮಾನಪಟ್ಟಿದ್ದವರೂ ಬೆರಗಾದರು. ಎರಡು ವಾರದೊಳಗೆ ಟೆಲಿವಿಷನ್ ಕ್ಯಾಮೆರಾಗಳಿಂದ ವಿದ್ಯುತ್ತಿನ ತೊಂದರೆ ಬಂದು ಅವನ್ನೇ ನಿಲ್ಲಿಸಬೇಕಾಯಿತು. ಪ್ರಯೋಗಕ್ಕೆಂದು ಇಟ್ಟಿದ್ದ ಕನ್ನಡಿಯೇ ಮುಖ್ಯವಾಯಿತು. ಒಂದು ವರ್ಷ ಬಾಳಿದರೆ ಸಾಕು ಎಂದುಕೊಂಡಿದ್ದ ಉಪಗ್ರಹ ೧೯೭೮ರ ಜನವರಿಯವರೆಗೆ ದುಡಿಯಿತು. ೧೯೮೪ರಲ್ಲಿ ಹಾರಿದ ಐದನೆಯ ಲ್ಯಾಂಡ್‌ಸ್ಯಾಟಂತೂ ೨೦೧೩ರವರೆಗೆ, ಸುಮಾರು ಮೂರು ದಶಕ, ನೆಲ ನೋಡುತ್ತಲೇ ಇತ್ತು.

ಈ ಚಿತ್ರಗಳನ್ನು ಮೊದಲ ಬಾರಿ ನೋಡಿದವರು ಕಕ್ಕಾಬಿಕ್ಕಿಯಾಗುವುದುಂಟು. ಕಾಡು, ತೋಟ, ಗದ್ದೆ ಎಲ್ಲ ಕುಂಕುಮದ ಕೆಂಪು! ಇದಕ್ಕೆ ಕಾರಣವಿದೆ. ಗಿಡದ ಎಲೆ ಹಸಿರು ಬೆಳಕನ್ನು ಸ್ವಲ್ಪ ಹಿಂದಕ್ಕೆ ಚೆಲ್ಲುತ್ತದೆ, ಅದಕ್ಕೆ ನಮಗೆ ಹಸಿರಾಗಿ ಕಾಣುತ್ತದೆ. ಆದರೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಅದು ಇನ್ನೂ ಬಹಳ ಹೆಚ್ಚು ಚೆಲ್ಲುತ್ತದೆ. ಉಪಗ್ರಹ ಅದನ್ನೂ ಹಿಡಿಯುತ್ತದೆ. ಕಾಣದ್ದನ್ನು ಕಾಣಿಸಬೇಕಾದರೆ ಯಾವುದಾದರೊಂದು ಬಣ್ಣ ಕೊಡಬೇಕು, ಕೆಂಪು ಕೊಟ್ಟರು. ಆರೋಗ್ಯವಾಗಿರುವ ಗಿಡ ಕಡುಗೆಂಪು, ಸೊರಗಿದ್ದು ಮಸುಕು, ನೀರು ಕಪ್ಪು ಅಥವಾ ಕಡುನೀಲಿ, ಬರಡು ನೆಲ ಬೂದು.

ಈ ವಿದ್ಯೆಯನ್ನು ನಮ್ಮ ದೇಶದಲ್ಲಿ ಮೊದಲು ಪರೀಕ್ಷಿಸಿದ್ದು ತೆಂಗಿನ ತೋಟದ ಮೇಲೆ ಎಂದರೆ ತೆಂಗು ಬೆಳೆಯುವ ನಾಡಿನವರಾದ ನಮಗೆ ಸಂತೋಷವಾಗುತ್ತದೆ. ಕೇರಳದಲ್ಲಿ ತೆಂಗಿನ ಬೇರಿಗೆ ಬಂದು ಮರವನ್ನೇ ಸೊರಗಿಸುವ ರೋಗವಿತ್ತು. ೧೯೭೦ರಲ್ಲಿ ವಿಜ್ಞಾನಿ ಪಿ. ಆರ್. ಪಿಶಾರಟಿಯವರ ತಂಡ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ತೋಟಗಳ ಚಿತ್ರ ತೆಗೆಯಿತು. ಕೆಳಗೆ ನಿಂತವರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದ ಮರಗಳಲ್ಲೂ ರೋಗದ ಸುಳಿವು ಚಿತ್ರದಲ್ಲಿ ಸಿಕ್ಕಿತು. ಮಗುವಿಗೆ ಜ್ವರ ಏರುವ ಮೊದಲೇ ಅದರ ಕಣ್ಣು ನೋಡಿ ತಾಯಿ ಹೇಳುತ್ತಾಳಲ್ಲ, ಹಾಗೆ.

ಉಪಗ್ರಹದ ಕಣ್ಣಿನಿಂದ ಹೊಸ ನೆಲ ಸಿಕ್ಕಿದ ಪ್ರಸಂಗವೂ ಇದೆ. ಕೆನಡಾದ ತೀರದ ನಕ್ಷೆಗಳನ್ನು ಸರಿಪಡಿಸುವ ಕೆಲಸದಲ್ಲಿದ್ದ ಬೆಟ್ಟಿ ಫ್ಲೆಮಿಂಗ್ ಎಂಬಾಕೆ ೧೯೭೬ರಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹಳೆಯ ನಕ್ಷೆಗಳ ಜೊತೆ ಹೋಲಿಸುತ್ತಿದ್ದಾಗ, ಲ್ಯಾಬ್ರಡಾರ್ ತೀರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆ ಯಾವ ನಕ್ಷೆಯಲ್ಲೂ ಇಲ್ಲದ ಒಂದು ಚುಕ್ಕಿ ಕಂಡಳು. ಇದು ನಿಜವೋ ಕಣ್ಣಿನ ಭ್ರಮೆಯೋ? ನೋಡಿಬರಲು ಫ್ರಾಂಕ್ ಹಾಲ್ ಎಂಬ ಸರ್ವೇ ಅಧಿಕಾರಿಯನ್ನು ಹೆಲಿಕಾಪ್ಟರಿನಿಂದ ಹಗ್ಗ ಕಟ್ಟಿ ಇಳಿಸಿದರು. ಇಪ್ಪತ್ತೈದು ಮೀಟರಿಗೆ ನಲವತ್ತೈದು ಮೀಟರಿನ ಆ ಬಂಡೆಯ ಮೇಲೆ ಮಂಜಿನ ಬಣ್ಣದಲ್ಲೇ ಬೆರೆತು ಒಂದು ಹಿಮಕರಡಿ ಕೂತಿತ್ತು; ಇಳಿಯುತ್ತಿದ್ದವನಿಗೆ ಪಂಜ ಬೀಸಿತು. ಆತ ಕಿರುಚಿಕೊಂಡ, ಮೇಲಕ್ಕೆ ಎಳೆದುಕೊಂಡರು. ದ್ವೀಪಕ್ಕೆ ಲ್ಯಾಂಡ್‌ಸ್ಯಾಟ್ ದ್ವೀಪವೆಂದೇ ಹೆಸರಾಯಿತು. ಮೇಲಿನ ಕಣ್ಣಿಗೆ ಬಂಡೆ ಕಂಡಿತ್ತು, ಕರಡಿ ಕಂಡಿರಲಿಲ್ಲ. ಈ ವಿದ್ಯೆಯ ಶಕ್ತಿ ಎಲ್ಲಿಯವರೆಗೆ, ಮಿತಿ ಎಲ್ಲಿಂದ ಎಂಬುದು ಆ ಒಂದು ಪ್ರಸಂಗದಲ್ಲೇ ಇದೆ.

ಆದರೆ ಮತ್ತೆ ಮತ್ತೆ ನೋಡುವ ಈ ಕಣ್ಣು ಬರೆದ ದಿನಚರಿಯಲ್ಲಿ ಅತ್ಯಂತ ದುಃಖದ ಪುಟಗಳು ಅರಲ್ ಸಮುದ್ರದವು. ನನ್ನ ವಯಸ್ಸಿನವರು ಶಾಲೆಯಲ್ಲಿ ಏಷ್ಯಾ ಖಂಡದ ನಕ್ಷೆಗೆ ಬಣ್ಣ ತುಂಬುವಾಗ ಕ್ಯಾಸ್ಪಿಯನ್ ಸಮುದ್ರದ ಬಲಕ್ಕೆ ಇನ್ನೊಂದು ನೀಲಿ ಮಚ್ಚೆ ತುಂಬಿದ್ದೇವೆ. ಹೆಸರಿಗೆ ಸಮುದ್ರ, ನಿಜಕ್ಕೆ ಉಪ್ಪುನೀರಿನ ಸರೋವರ. ೧೯೬೦ರಲ್ಲಿ ಅದರ ವಿಸ್ತಾರ ಸುಮಾರು ೬೮,೦೦೦ ಚದರ ಕಿಲೋಮೀಟರ್, ಜಗತ್ತಿನ ನಾಲ್ಕನೆಯ ದೊಡ್ಡ ಸರೋವರ. ಅದಕ್ಕೆ ನೀರು ತರುತ್ತಿದ್ದ ನದಿಗಳು ಎರಡು, ಅಮು ದರಿಯಾ ಮತ್ತು ಸಿರ್ ದರಿಯಾ. ಇತಿಹಾಸದ ಪಾಠದಲ್ಲಿ ಬಾಬರನ ಹುಟ್ಟುನಾಡು ಫರ್ಘಾನಾ ಎಂದು ಓದುತ್ತೇವಲ್ಲ, ಆ ಕಣಿವೆ ಸಿರ್ ದರಿಯಾ ನದಿಯದು.

ಸೋವಿಯತ್ ಸರ್ಕಾರಕ್ಕೆ ಹತ್ತಿ ಬೇಕಾಗಿತ್ತು. ಮಧ್ಯ ಏಷ್ಯಾದ ಒಣನೆಲದಲ್ಲಿ ಬಿಸಿಲಿಗೆ ಕೊರತೆಯಿಲ್ಲ, ನೀರು ಕೊಟ್ಟರೆ ಹತ್ತಿ ಬೆಳೆಯುತ್ತದೆ. ಎರಡೂ ನದಿಗಳಿಂದ ಕಾಲುವೆಗಳನ್ನು ತೋಡಿದರು. ೧೯೫೪ರಲ್ಲಿ ಕೆಲಸ ಶುರುವಾದ ಕರಾಕುಮ್ ಕಾಲುವೆ ಅಮು ದರಿಯಾದ ನೀರನ್ನು ಮರುಭೂಮಿಯೊಳಗೆ ಒಯ್ದಿತು. ಸಿಮೆಂಟಿನ ಹಾಸಿಲ್ಲದ ಕಾಲುವೆಗಳಲ್ಲಿ ಬಹಳಷ್ಟು ನೀರು ಮರಳಿಗೇ ಇಂಗಿಹೋಯಿತು. ಹತ್ತಿ ಬಂತು, ಬಿಳಿ ಬಂಗಾರ ಎಂದರು. ಶರತ್ಕಾಲ ಬಂದರೆ ಹತ್ತಿ ಬಿಡಿಸಲು ಹೆಂಗಸರ ಜೊತೆಗೆ ಶಾಲೆಯ ಮಕ್ಕಳನ್ನೂ, ಅವರ ಹಿಂದೆ ಮೇಷ್ಟ್ರುಗಳನ್ನೂ ಹೊಲಕ್ಕೆ ಕಳುಹಿಸುತ್ತಿದ್ದರು. ಉಜ್ಬೇಕಿಸ್ತಾನದಲ್ಲಿ ಸೋವಿಯತ್ ಆಳ್ವಿಕೆ ಹೋದ ಮೇಲೂ ಆ ಪದ್ಧತಿ ಬಹಳ ವರ್ಷ ಉಳಿದಿತ್ತು. ಸಮುದ್ರಕ್ಕೆ ಮಾತ್ರ ನೀರು ಹೋಗಲಿಲ್ಲ.

ಉಪಗ್ರಹದ ಚಿತ್ರಗಳನ್ನು ವರ್ಷವಾರು ಜೋಡಿಸಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಎಪ್ಪತ್ತರ ದಶಕದಲ್ಲಿ ದಡದ ಸುತ್ತ ಬೆಳ್ಳಗಿನ ಅಂಚು ಮೂಡುತ್ತದೆ, ಅದು ಉಪ್ಪು. ದ್ವೀಪಗಳು ಹಿಗ್ಗುತ್ತಾ ಹೋಗುತ್ತವೆ. ೧೯೮೭ರ ಹೊತ್ತಿಗೆ ಸಮುದ್ರ ಎರಡು ಹೋಳಾಗುತ್ತದೆ, ಉತ್ತರದಲ್ಲಿ ಸಣ್ಣದು, ದಕ್ಷಿಣದಲ್ಲಿ ದೊಡ್ಡದು. ೨೦೦೭ರ ವೇಳೆಗೆ ಉಳಿದದ್ದು ಮೊದಲಿನ ಹತ್ತನೆಯ ಒಂದು ಪಾಲು. ೨೦೧೪ರ ಬೇಸಿಗೆಯ ಚಿತ್ರದಲ್ಲಿ ದಕ್ಷಿಣದ ಪೂರ್ವ ಭಾಗ ಪೂರಾ ಬತ್ತಿ ಬೆಳ್ಳಗಾಗಿತ್ತು. ಅದೇ ಚಿತ್ರಗಳಲ್ಲಿ ನದಿಗಳ ಉದ್ದಕ್ಕೂ ಹೊಲಗಳ ಕೆಂಪು ಚೌಕಗಳೂ ಕಾಣುತ್ತವೆ. ತಪ್ಪು ಯಾರದು ಎಂದು ಚಿತ್ರ ಹೇಳುವುದಿಲ್ಲ. ಆದರೆ ನೀರು ಎಲ್ಲಿಗೆ ಹೋಯಿತು ಎಂಬುದನ್ನು ಬಚ್ಚಿಡುವುದೂ ಇಲ್ಲ.

ಮುಯ್ನಾಕ್ ಎಂಬ ಊರು ಆ ಸಮುದ್ರದ ಬಂದರಾಗಿತ್ತು. ಮೀನು ಹಿಡಿಯುವುದು, ಡಬ್ಬಿಗೆ ತುಂಬುವುದು ಅಲ್ಲಿನ ಬದುಕು. ಸಮುದ್ರ ಹಿಂದೆ ಸರಿದಾಗ ಜನ ಕಾಲುವೆ ತೋಡಿಕೊಂಡು ಅದರ ಬೆನ್ನು ಹತ್ತಿದರು. ನೀರು ಅವರಿಗಿಂತ ಬೇಗ ಓಡಿತು. ಉಪ್ಪು ಹೆಚ್ಚಿ ಮೀನು ಸತ್ತಿತು. ಕಾರ್ಖಾನೆ ಮುಚ್ಚಬಾರದೆಂದು ದೂರದ ಸಮುದ್ರಗಳಿಂದ ಮೀನು ತರಿಸಿ ಕೆಲವು ಕಾಲ ಡಬ್ಬಿ ತುಂಬಿಸಿದರು. ಈಗ ಅಲ್ಲಿ ದೋಣಿಗಳು ಮರಳಿನ ಮೇಲೆ ತುಕ್ಕು ಹಿಡಿದು ನಿಂತಿವೆ. ಬತ್ತಿದ ತಳದಿಂದ ಉಪ್ಪೂ ಹೊಲಗಳ ಔಷಧಿಯ ವಿಷವೂ ಸೇರಿದ ಧೂಳು ಎದ್ದು ಊರೂರಿಗೆ ಹರಡಿತು. ಆ ಸೀಮೆಯ ಹೆಂಗಸರಲ್ಲಿ ರಕ್ತಹೀನತೆ ವಿಪರೀತವಾಗಿರುವುದನ್ನು ವೈದ್ಯರು ದಾಖಲಿಸಿದ್ದಾರೆ. ಧೂಳಿನ ಮೋಡ ಉಪಗ್ರಹಕ್ಕೆ ಕಾಣುತ್ತದೆ. ಬಾಣಂತಿಯ ಬಿಳಿಚಿದ ಉಗುರು ಕಾಣುವುದಿಲ್ಲ.

ಈ ಕಥೆಗೂ ನಮಗೂ ಒಂದು ನಂಟಿದೆ. ಭೂಮಿಯನ್ನು ನೋಡಲೆಂದು ಬೆಂಗಳೂರಿನಲ್ಲಿ ತಯಾರಾದ ಭಾಸ್ಕರ ಉಪಗ್ರಹ ೧೯೭೯ರ ಜೂನ್ ೭ರಂದು ಸೋವಿಯತ್ ನೆಲದಿಂದ ಹಾರಿತು. ಅದೇ ವರ್ಷ ಹೈದರಾಬಾದಿನ ಬಳಿ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹಿಡಿಯುವ ಕೇಂದ್ರವೂ ಕೆಲಸ ಆರಂಭಿಸಿತು. ೧೯೮೮ರ ಮಾರ್ಚ್ ೧೭ರಂದು ನಮ್ಮ ಮೊದಲ ಪೂರ್ಣಪ್ರಮಾಣದ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-೧ಎ ಬೈಕನೂರಿನಿಂದ ಮೇಲೇರಿತು. ಅದು ಇಪ್ಪತ್ತೆರಡು ದಿನಕ್ಕೊಮ್ಮೆ ಒಂದೇ ಜಾಗವನ್ನು ನೋಡುತ್ತಿತ್ತು. ಓಲಾಡುವ ಕನ್ನಡಿಯ ಬದಲು ಸಾಲಾಗಿ ಜೋಡಿಸಿದ ಸೂಕ್ಷ್ಮ ಕಣ್ಣುಗಳಿದ್ದವು. ಉದ್ದ ಕೋಲಿನ ಪೊರಕೆಯನ್ನು ನಿಂತು ನೇರವಾಗಿ ತಳ್ಳಿಕೊಂಡು ಹೋದ ಹಾಗೆ. ಆ ಬೈಕನೂರು ಇರುವುದು ಸಿರ್ ದರಿಯಾ ನದಿಯ ದಂಡೆಯ ಮೇಲೆ! ನಮ್ಮ ಕೆರೆ, ಕಾಡು, ಹೊಲಗಳನ್ನು ನೋಡಿಕೊಳ್ಳಲು ಕಣ್ಣು ಹೊರಟದ್ದು, ಸಮುದ್ರವನ್ನು ಮುಟ್ಟಲಾರದೆ ಸೊರಗುತ್ತಿದ್ದ ಆ ನದಿಯ ಪಕ್ಕದಿಂದ.

ಮೇಲಿನ ಕಣ್ಣಿನ ನೆನಪು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಲ್ಯಾಂಡ್‌ಸ್ಯಾಟಿನ ನೆನಪು ೧೯೭೨ಕ್ಕೆ ನಿಲ್ಲುತ್ತದೆ. ಅದಕ್ಕೂ ಹಿಂದೆ, ೧೯೬೦ರಿಂದ, ಅಮೆರಿಕದ ಬೇಹುಗಾರಿಕೆಯ ಉಪಗ್ರಹಗಳು ಗುಟ್ಟಾಗಿ ಫಿಲ್ಮಿನಲ್ಲಿ ಚಿತ್ರ ತೆಗೆದು, ಡಬ್ಬಿಯನ್ನು ಪ್ಯಾರಾಚೂಟ್ ಕಟ್ಟಿ ಕೆಳಗೆ ಬಿಡುತ್ತಿದ್ದವು. ವಿಮಾನಗಳು ಗಾಳಿಯಲ್ಲೇ ಅವನ್ನು ಹಿಡಿಯುತ್ತಿದ್ದವು. ಶತ್ರುವಿನ ಕ್ಷಿಪಣಿ ಹುಡುಕಲು ತೆಗೆದ ಆ ಎಂಟು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ೧೯೯೫ರಲ್ಲಿ ಬಹಿರಂಗಪಡಿಸಿದರು. ೧೯೬೪ರ ತುಂಬಿದ ಅರಲ್ ಸಮುದ್ರ ಅದರಲ್ಲಿ ಸಿಕ್ಕಿತು. ಹಗೆತನಕ್ಕೆಂದು ಇಟ್ಟ ಕಣ್ಣು ಇತಿಹಾಸಕ್ಕೆ ಸಾಕ್ಷಿಯಾಯಿತು.

ನಮ್ಮಲ್ಲೂ ಹೀಗೆ ಎರಡು ಕಾಲಗಳಿವೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು ೧೯೬೪ರಲ್ಲಿ. ಲ್ಯಾಂಡ್‌ಸ್ಯಾಟ್ ಬರುವ ಹೊತ್ತಿಗೆ ಅಲ್ಲಿ ನೀರೇ ತುಂಬಿತ್ತು, ಅದರ ಚಿತ್ರಗಳಲ್ಲಿ ಮುಳುಗಿದ ಹಳ್ಳಿಗಳು ಇಲ್ಲವೇ ಇಲ್ಲ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಜಲಾಶಯ ತುಂಬಿದ್ದು ಈ ಕಣ್ಣುಗಳ ಎದುರಿಗೇ. ಹಳೆಯ ಬಾಗಲಕೋಟೆಯ ಕಡೆಗೆ ನೀರು ಏರಿದ್ದು ಹಂತಹಂತವಾಗಿ ಚಿತ್ರಗಳಲ್ಲಿ ದಾಖಲಾಗಿದೆ. ಆದರೆ ಯಾವ ಮನೆಯ ಹೊಸ್ತಿಲಿಗೆ ಕೊನೆಯ ಬಾರಿ ಅರಿಶಿನ ಹಚ್ಚಿದರು, ಯಾವ ಬಾವಿಯ ನೀರು ಸಿಹಿಯಿತ್ತು, ಯಾವ ಬೇವಿನ ಕಟ್ಟೆಯ ಮೇಲೆ ಹೆಂಗಸರು ಕೂತು ಅಕ್ಕಿ ಆರಿಸುತ್ತಿದ್ದರು ಎಂಬುದು ಎರಡೂ ಕಡೆ ಒಂದೇ ಸ್ಥಳದಲ್ಲಿ ಉಳಿದಿದೆ, ಹೋದವರ ನೆನಪಿನಲ್ಲಿ. ಆ ದಿನಚರಿಯನ್ನು ಯಾವ ಉಪಗ್ರಹವೂ ಬರೆದುಕೊಡುವುದಿಲ್ಲ. ನಾವೇ ಕೇಳಿ ಬರೆದುಕೊಳ್ಳಬೇಕು. ಹೇಳುವವರು ಇರುವಾಗಲೇ ಕೇಳಬೇಕು.

ಬಹಳ ಕಾಲ ಈ ಚಿತ್ರಗಳು ಬಡವರ ಕೈಗೆ ಎಟುಕುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಲ್ಯಾಂಡ್‌ಸ್ಯಾಟಿನ ಮಾರಾಟವನ್ನು ಖಾಸಗಿಯವರಿಗೆ ವಹಿಸಿದ ಮೇಲೆ ಒಂದೊಂದು ಚಿತ್ರಕ್ಕೆ ಸಾವಿರಾರು ಡಾಲರ್ ಬೆಲೆಯಾಯಿತು. ತಮ್ಮ ನೆಲದ ಚಿತ್ರವನ್ನೇ ದುಡ್ಡು ಕೊಟ್ಟು ನೋಡಲಾಗದ ದೇಶಗಳೂ ಇದ್ದವು. ೨೦೦೮ರಲ್ಲಿ ಅವೆಲ್ಲವನ್ನೂ ಉಚಿತ ಮಾಡಿದರು. ಅದಾದ ಮೇಲೆ ವಿದ್ಯಾರ್ಥಿಗಳು, ರೈತಸಂಘದವರು, ಕೆರೆ ಉಳಿಸಲು ಓಡಾಡುವವರು ಎಲ್ಲರೂ ಅವನ್ನು ತೆರೆದು ನೋಡತೊಡಗಿದರು. ೧೯೮೪ರಿಂದ ಇಲ್ಲಿಯವರೆಗಿನ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಸಿನಿಮಾದ ಹಾಗೆ ಓಡಿಸಿ ತೋರಿಸುವ ಸೌಲಭ್ಯ ಗೂ‍ಗಲ್ ಅರ್ಥ್‌ನಲ್ಲಿ ಇದೆ.

ಕಂಡದ್ದರಿಂದ ಏನಾದರೂ ಆಗುತ್ತದೆಯೇ ಎಂದು ಕೇಳಬಹುದು. ಆಗುತ್ತದೆ, ಮನಸ್ಸು ಮಾಡಿದರೆ. ಕಜಾಕಿಸ್ತಾನದವರು ವಿಶ್ವಬ್ಯಾಂಕಿನ ನೆರವಿನಿಂದ ೨೦೦೫ರಲ್ಲಿ ಅರಲ್‌ನ ಉತ್ತರ ಹೋಳಿಗೆ ಹದಿಮೂರು ಕಿಲೋಮೀಟರಿನ ಒಂದು ಒಡ್ಡು ಕಟ್ಟಿ, ಸಿರ್ ದರಿಯಾದ ನೀರು ದಕ್ಷಿಣಕ್ಕೆ ಸೋರಿ ಹಾಳಾಗದಂತೆ ತಡೆದರು. ಮುಂದಿನ ವರ್ಷದ ಚಿತ್ರಗಳಲ್ಲೇ ನೀಲಿ ಮರಳಿ ಹರಡಿತು. ಉಪ್ಪು ಕಡಿಮೆಯಾಯಿತು, ಮೀನು ಬಂತು, ಬಲೆ ಮಡಚಿಟ್ಟಿದ್ದವರು ಮತ್ತೆ ದೋಣಿ ಇಳಿಸಿದರು. ದಕ್ಷಿಣದ ಹೋಳಿಗೆ ಆ ಭಾಗ್ಯ ಬರಲಿಲ್ಲ. ಒಂದೇ ಸಮುದ್ರದ ಎರಡು ತುಂಡು, ಒಂದಕ್ಕೆ ಆರೈಕೆ ಸಿಕ್ಕಿತು, ಇನ್ನೊಂದಕ್ಕೆ ಇಲ್ಲ.

ವರ್ಜೀನಿಯಾ ನಾರ್ವುಡ್ ೨೦೨೩ರ ಮಾರ್ಚಿನಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡಳು. ಲ್ಯಾಂಡ್‌ಸ್ಯಾಟಿನ ತಾಯಿ ಎಂದು ಜನ ಕರೆದರೆ ಆಕೆಗೆ ಇಷ್ಟವಾಗುತ್ತಿತ್ತಂತೆ. ಒಂಬತ್ತನೆಯ ಲ್ಯಾಂಡ್‌ಸ್ಯಾಟ್ ೨೦೨೧ರಲ್ಲಿ ಹಾರಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು.

ಬಿಡುವಾದಾಗ ಫೋನಿನಲ್ಲಿ ತಾಜಮಹಲನ್ನು ನೋಡಿ, ಪಿರಮಿಡ್ಡನ್ನೂ ನೋಡಿ. ಆಮೇಲೆ ನಿಮ್ಮ ಊರಿನ ಕೆರೆಯನ್ನು ಹುಡುಕಿ. ಮೂವತ್ತು ವರ್ಷದ ಹಿಂದಿನದನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆರೆ ಎಷ್ಟು ಕುಗ್ಗಿದೆ, ಏರಿಯ ಮೇಲೆ ಎಷ್ಟು ಮನೆ ಎದ್ದಿವೆ ಎಂಬುದು ತಿಳಿಯುತ್ತದೆ. ನಂತರ ಆ ಕೇರಿಯ ಹಿರಿಯ ಅಜ್ಜಿಯೊಬ್ಬರ ಹತ್ತಿರ ಹೋಗಿ ಕೂತು, ಮೊದಲು ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂದು ಕೇಳಿ. ಆಕೆ ಕೈ ಎತ್ತಿ ತೋರಿಸುವ ಗುರುತನ್ನೂ ಚಿತ್ರದ ಪಕ್ಕದಲ್ಲೇ ಬರೆದಿಡಿ.